ಎಳೆ ತಪ್ಪಿದ ಮಾತು, ಅದನ್ನು ಕೂತು ಕೇಳಿದವರು

ಮಾತು ಹಳಿ ತಪ್ಪಿದವರಿಗೆ ನಮ್ಮ ಕಡೆ ಹೆಸರುಗಳು ಬಹಳ. ಬಡಬಡಿಸ್ತಾನೆ ಅಂತೀವಿ. ತಲೆ ಕೆಟ್ಟಿದೆ ಅಂತೀವಿ. ಗಾಳಿ ಸೋಕಿದೆ, ಯಾರೋ ಮಾಟ ಮಾಡ್ಸವ್ರೆ, ಸನ್ನಿ ಹಿಡಿದಿದೆ ಅಂತೀವಿ. ಯಾವ ಹೆಸರು ಬಿತ್ತು ಅನ್ನುವುದರ ಮೇಲೆ ಆ ಮನುಷ್ಯ ಮೊದಲು ಎಲ್ಲಿಗೆ ಹೋಗುತ್ತಾನೆ ಅನ್ನುವುದು ತೀರ್ಮಾನವಾಗುತ್ತದೆ. ಗಾಳಿ ಅಂದರೆ ದೇವಸ್ಥಾನ ಇಲ್ಲವೇ ದರ್ಗಾ. ಮಾಟ ಅಂದರೆ ಮಂತ್ರವಾದಿ. ತಲೆ ಕೆಟ್ಟಿದೆ ಅಂದರೆ ಬಹಳ ಸಲ ಎಲ್ಲಿಗೂ ಇಲ್ಲ, ಮನೆಯ ಹಿಂದಿನ ಕೋಣೆಗೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತುವ ನಮಗೆ ಈ ಹೆಸರುಗಳೆಲ್ಲ ಕಿವಿಗೆ ಬಿದ್ದೇ ಇವೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಆ ಮನುಷ್ಯ ಆಡಿದ ಮಾತು ಏನು? ಅವನು ನಿಜಕ್ಕೂ ಯಾವ ಪದ ಬಳಸಿದ? ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟ? ಮಾನಸಿಕ ಆರೋಗ್ಯದ ಸಿಸ್ಟರ್‌ಗಳ ಕೆಲಸ ಶುರುವಾಗುವುದೇ ಇಲ್ಲಿಂದ. ಡಾಕ್ಟರು ದಿನಕ್ಕೆ ಹತ್ತು ನಿಮಿಷ ನೋಡಿದರೆ ಸಿಸ್ಟರ್ ಇಡೀ ಪಾಳಿ ಪಕ್ಕದಲ್ಲಿರುತ್ತಾರೆ. ರಾತ್ರಿ ಎರಡು ಗಂಟೆಗೆ ರೋಗಿ ಏನಂದ ಅನ್ನುವುದು ಅವರಿಗಷ್ಟೇ ಗೊತ್ತು. ಈ ಕೇಳಿಸಿಕೊಳ್ಳುವ ಕೆಲಸಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮ ಸೀಮೆಯ ಪಾಲೂ ಇದೆ.

ಕತೆ ಶುರುವಾಗುವುದು ಮಾತ್ರ ದೂರದ ಯುರೋಪಿನಲ್ಲಿ. ಅಲ್ಲಿನ ಇಬ್ಬರು ಡಾಕ್ಟರುಗಳ ಹೆಸರು ಇವತ್ತಿಗೂ ನರ್ಸಿಂಗ್ ಪುಸ್ತಕಗಳಲ್ಲಿದೆ.

ಒಬ್ಬರು ಜರ್ಮನಿಯ ಎಮಿಲ್ ಕ್ರೆಪೆಲಿನ್. 1886ರಿಂದ 1891ರವರೆಗೆ ಅವರು ಡೋರ್ಪಾಟ್ ಎಂಬ ಊರಲ್ಲಿ ಪ್ರೊಫೆಸರ್. ಈಗ ಅದು ಎಸ್ಟೋನಿಯಾ ದೇಶದ ಟಾರ್ಟು. ಅಲ್ಲಿನ ರೋಗಿಗಳಲ್ಲಿ ಬಹಳ ಜನರ ಮಾತು ಎಸ್ಟೋನಿಯನ್, ಪ್ರೊಫೆಸರರಿಗೆ ಅದು ಬರುತ್ತಿರಲಿಲ್ಲ. ಮಾತಾಡಿಸಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕಿತ್ತು. ಕ್ರೆಪೆಲಿನ್ ದೊಡ್ಡ ಕೆಲಸ ಮಾಡಿದವರೇ. ಪ್ರತಿ ರೋಗಿಗೂ ಒಂದು ಕಾರ್ಡ್ ಬರೆದಿಟ್ಟು, ವರ್ಷಗಳ ನಂತರ ಅವರು ಏನಾದರು ಎಂದು ನೋಡಿ, ಕಾಯಿಲೆಗಳನ್ನು ವಿಂಗಡಿಸಿದರು. ಆದರೆ ಮಾತು ಗೊತ್ತಿಲ್ಲದವರು ಕಾಯಿಲೆ ಹೇಗೆ ಸಾಗುತ್ತದೆ ಅನ್ನುವುದನ್ನು ನೋಡಬಹುದೇ ಹೊರತು, ಒಂದು ವಾಕ್ಯದೊಳಗೆ ಏನು ಮುರಿದಿದೆ ಅನ್ನುವುದನ್ನು ಕೇಳುವುದು ಕಷ್ಟ.

ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ಒಯ್ಗೆನ್ ಬ್ಲಾಯ್ಲರ್. ಜ್ಯೂರಿಕ್ ಪಕ್ಕದ ಜೊಲ್ಲಿಕಾನ್ ಎಂಬ ಊರಿನ ರೈತರ ಮಗ. ಮನೆಯಲ್ಲಿ ಅಕ್ಕನಿಗೇ ಮಾನಸಿಕ ಕಾಯಿಲೆ ಇತ್ತು. ಜ್ಯೂರಿಕ್‌ನ ದೊಡ್ಡಾಸ್ಪತ್ರೆಗೆ ಅದಕ್ಕೂ ಮೊದಲು ಜರ್ಮನಿಯಿಂದ ಬಂದ ಪ್ರೊಫೆಸರುಗಳಿದ್ದರು. ಅವರು ಆಡುತ್ತಿದ್ದುದು ಪುಸ್ತಕದ ಜರ್ಮನ್, ರೋಗಿಗಳು ಆಡುತ್ತಿದ್ದುದು ಹಳ್ಳಿಯ ಮಾತು. ನಮ್ಮವರ ಮಾತು ಇವರಿಗೆ ತಿಳಿಯುವುದಿಲ್ಲ ಎಂಬ ಕೊರಗು ಆ ಊರಿನ ಜನಕ್ಕಿತ್ತು. ಬ್ಲಾಯ್ಲರ್ ಹಳ್ಳಿಯ ಮಾತಲ್ಲೇ ಬೆಳೆದವರು. 1886ರಿಂದ 12 ವರ್ಷ ರೈನೌ ಎಂಬಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೇ ವಾಸ ಮಾಡಿದರು. ಅವರ ಜೊತೆ ಕೆಲಸ ಮಾಡಿದರು, ಅವರು ಆಡಿದ್ದನ್ನು ಬರೆದಿಟ್ಟುಕೊಂಡರು.

ಹಾಗೆ ಕೇಳಿ ಕೇಳಿ ಅವರಿಗೆ ಹೊಳೆದ ಸಂಗತಿ ಇದು: ಈ ರೋಗಿಗಳ ಮಾತಲ್ಲಿ ಪದಗಳು ಸರಿಯಾಗಿವೆ, ವ್ಯಾಕರಣವೂ ಬಹಳ ಸಲ ಸರಿಯಾಗಿದೆ, ಒಂದು ಯೋಚನೆಯನ್ನು ಇನ್ನೊಂದಕ್ಕೆ ಕಟ್ಟುವ ಗಂಟು ಸಡಿಲವಾಗಿದೆ. 1911ರಲ್ಲಿ ಬಂದ ಅವರ ದೊಡ್ಡ ಪುಸ್ತಕದ ತಿರುಳು ಇದೇ. ಸ್ಕಿಜೋಫ್ರೇನಿಯಾ ಎಂಬ ಹೆಸರಿಟ್ಟವರೂ ಅವರೇ. ಕನ್ನಡದಲ್ಲಿ ಅದನ್ನು ಇಚ್ಚಿತ್ತ ವಿಕಲತೆ ಎಂದು ಬರೆಯುತ್ತಾರೆ. ಇಚ್ಚಿತ್ತ ಅಂದ ಕೂಡಲೇ ಒಂದೇ ಮೈಯಲ್ಲಿ ಇಬ್ಬರು ಇರುತ್ತಾರೆ ಎಂದು ಜನ ತಿಳಿಯುತ್ತಾರೆ. 2004ರ ‘ಆಪ್ತಮಿತ್ರ’ ಸಿನಿಮಾ ನೋಡಿದ ಮೇಲಂತೂ ಕೇಳುವುದೇ ಬೇಡ. ಅದು ಬೇರೆ ಕತೆ, ಈ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ.

ರೇಷ್ಮೆ ನೂಲು ಬಿಚ್ಚುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಗೂಡಿನ ಎಳೆ ಕಡಿದರೆ ರೀಲರ್ ಇನ್ನೊಂದು ಗೂಡಿನ ಎಳೆ ಹಿಡಿದು ಸೇರಿಸುತ್ತಾನೆ, ನೂಲು ಮುಂದುವರಿಯುತ್ತದೆ. ನಾವೂ ಮಾತಾಡುವಾಗ ಹಾಗೇ ಮಾಡುತ್ತೇವೆ, ನಮಗೇ ಗೊತ್ತಿಲ್ಲದ ಹಾಗೆ. ಈ ಕಾಯಿಲೆಯಲ್ಲಿ ಸೇರಿಸುವ ಕೈ ತಪ್ಪುತ್ತದೆ. ಎಳೆ ಇರುತ್ತದೆ, ಕೂಡುವುದು ಮಾತ್ರ ಎಲ್ಲೆಲ್ಲಿಗೋ.

ಇನ್ನು ಬೆಂಗಳೂರಿಗೆ ಬರೋಣ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದ ಕಾಲ. 1847ರಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ನರ ಕೈಕೆಳಗೆ ಬೆಂಗಳೂರಿನಲ್ಲಿ ‘ಲುನಾಟಿಕ್ ಅಸೈಲಂ’ ಶುರುವಾಯಿತು. ಕನ್ನಡದಲ್ಲಿ ಜನ ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆದರು, ಈಗಲೂ ಕೆಲವರು ಕರೆಯುತ್ತಾರೆ. ಒಳಗಿದ್ದವರ ಮಾತು ಕನ್ನಡ, ತಮಿಳು, ತೆಲುಗು, ದಖನಿ. ಸಾಹೇಬರ ದಾಖಲೆ ಇಂಗ್ಲಿಷಿನಲ್ಲಿ. ನಮ್ಮ ಕ್ಲೋಸ್‌ಪೇಟೆಯಿಂದ (ಅಂದಿನ ರಾಮನಗರ) ಯಾರನ್ನೋ ಅಲ್ಲಿಗೆ ಒಯ್ದರು ಅಂದುಕೊಳ್ಳಿ. ಅವನು ಅಚ್ಚ ಹಳ್ಳಿಗನ್ನಡದಲ್ಲಿ ಆಡಿದ್ದು ಪುಸ್ತಕಕ್ಕೆ ಏರುವ ಹೊತ್ತಿಗೆ ಇಂಗ್ಲಿಷಿನ ಒಂದೆರಡು ಪದ. ಡೋರ್ಪಾಟ್‌ನ ದುಭಾಷಿಯ ತೊಡಕು ಇಲ್ಲೂ ಅದೇ.

1925ರಲ್ಲಿ ಮೈಸೂರು ಸರ್ಕಾರ ಅಸೈಲಂ ಎಂಬ ಹೆಸರು ತೆಗೆದು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. ಡಾ. ಫ್ರಾಂಕ್ ನೊರೊನ್ಹಾ ಅದರ ಮುಖ್ಯಸ್ಥರಾಗಿದ್ದ ಕಾಲ ಅದು. 1930ರ ದಶಕದಲ್ಲಿ ಆಸ್ಪತ್ರೆ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು. 1946ರ ಭೋರ್ ಸಮಿತಿ ವರದಿಯು ದೇಶದಲ್ಲಿ ಮಾನಸಿಕ ಆರೋಗ್ಯದ ತರಬೇತಿ ಕೊಡುವ ಸಂಸ್ಥೆ ಬೇಕು ಎಂದಿತು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಟ್ಟಿದವರು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ನಡುವೆ ಆದ ಒಂದು ಕೆಲಸ. 1950ರ ದಶಕದ ನಡುವಿನಲ್ಲಿ ಆ ಸಂಸ್ಥೆಯಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶುರುವಾಯಿತು. ಅಂಥ ಕೋರ್ಸ್‌ಗಳಲ್ಲಿ ದೇಶಕ್ಕೇ ಮೊದಮೊದಲಿನದು. ಅಲ್ಲಿಯವರೆಗೆ ವಾರ್ಡಿನಲ್ಲಿದ್ದವರ ಕೆಲಸ ಹೆಚ್ಚಾಗಿ ಕಾವಲು: ಬೀಗ, ಊಟ, ಸ್ನಾನ, ಯಾರೂ ತಪ್ಪಿಸಿಕೊಳ್ಳದ ಹಾಗೆ ಎಣಿಕೆ. ಅದೇ ಹೊತ್ತಿಗೆ ಎರಡು ಸಂಗತಿ ಕೂಡಿದವು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಔಷಧಿಯನ್ನು ಈ ಕಾಯಿಲೆಗೆ ಬಳಸಿ ನೋಡಿದರು, ಫಲ ಕೊಟ್ಟಿತು. ಅದೇ 1952ರಲ್ಲಿ ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ನರ್ಸ್ ಒಂದು ಪುಸ್ತಕ ಬರೆದು, ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೂ ಚಿಕಿತ್ಸೆಯೇ ಎಂದರು. ಔಷಧಿ ಕೊಟ್ಟ ಮೇಲೆ ರೋಗಿ ಸುಧಾರಿಸುತ್ತಿದ್ದಾನೋ ಇಲ್ಲವೋ ಎಂದು ಹೇಗೆ ತಿಳಿಯುವುದು? ರಕ್ತ ಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ಇವತ್ತಿಗೂ ಇಲ್ಲ. ಅವನ ಮಾತು ನೆಟ್ಟಗಾಗುತ್ತಿದೆಯೇ ಎಂದು ದಿನಾ ಕೇಳಬೇಕು. ಕಾವಲಿನವರು ಕೇಳುವವರಾಗಬೇಕಾಯಿತು.

ಸಿಸ್ಟರ್‌ಗಳು ಕಿವಿಗೊಡುವುದು ಯಾವುದಕ್ಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇವೆ, ಮನೆಯವರಿಗೂ ಉಪಯೋಗಕ್ಕೆ ಬರುವ ಭಾಗ ಇದು. ಕೆಳಗಿನ ಮಾತುಗಳೆಲ್ಲ ನಾವೇ ಉದಾಹರಣೆಗೆ ಕಟ್ಟಿದವು, ಯಾವ ರೋಗಿಯದೂ ಅಲ್ಲ.

ಮೊದಲು ಕಾಯಿಲೆ ಅಲ್ಲದ್ದನ್ನು ನೋಡಿ. “ಜ್ವರ ಯಾವತ್ತು ಬಂತಜ್ಜಿ?” ಎಂದು ಕೇಳಿದರೆ, “ಅಯ್ಯೋ ಅದ್ನೇನ್ ಕೇಳ್ತೀಯವ್ವ, ಸಂತೆಗೆ ಹೋಗಿದ್ನಾ, ಅಲ್ಲಿ ನನ್ ತಮ್ಮನ ಸೊಸೆ ಸಿಕ್ಕಿದ್ಲು, ಅವರ ಮನೇಲಿ ಹಸು ಕರು ಹಾಕಿತ್ತಂತೆ, ಗಿಣ್ಣಾಲು ಕೊಟ್ಲು, ಅದ ತಕ್ಕೊಂಡು ಬರೋವಾಗ ಮಳೆ ಹಿಡ್ಕತು, ನೆಂದ್ಬುಟ್ಟೆ, ಅವತ್ತು ರಾತ್ರಿನೇ ಮೈ ಕಾದದ್ದು” ಅನ್ನುತ್ತಾರೆ. ಊರೆಲ್ಲ ಸುತ್ತಿದರು, ಆದರೆ ಪ್ರಶ್ನೆಯ ಮನೆಗೆ ವಾಪಸ್ ಬಂದರು. ಇದು ನಮ್ಮ ಹಳ್ಳಿಯ ಮಾತಿನ ರೀತಿ. ಮಾತು ಉದ್ದವಾಯಿತು ಅಂತ ಕಾಯಿಲೆ ಅನ್ನಬಾರದು. ವಾಪಸ್ ಬರುತ್ತಾರೋ ಇಲ್ಲವೋ, ಅದನ್ನು ಕೇಳಬೇಕು.

ಈಗ ಇದನ್ನು ನೋಡಿ. “ಊಟ ಆಯ್ತಾ?” ಅಂದರೆ, “ಊಟ ಆಗದೆ, ಆಗಿದ್ದೆಲ್ಲ ಕೋರ್ಟಿಗೆ ಗೊತ್ತು, ಕೋರ್ಟ್ ಹತ್ರ ಗೂಡಿನ ರೇಟು ಇಳಿದದೆ, ಬಿಳಿ ಬಟ್ಟೆಯೋರನ್ನ ಸೇತುವೆ ದಾಟಿಸ್ಬಾರ್ದು.” ಒಂದೊಂದು ತುಂಡೂ ಕನ್ನಡವೇ. ‘ಆಗದೆ’ಯಿಂದ ‘ಆಗಿದ್ದೆಲ್ಲ’ಕ್ಕೆ ಹಾರಿತು, ‘ಕೋರ್ಟಿ’ನಿಂದ ಮಾರ್ಕೆಟ್ಟಿಗೆ ಹಾರಿತು, ಎಲ್ಲಿಗೂ ತಲುಪಲಿಲ್ಲ. ಇದೇ ಬ್ಲಾಯ್ಲರ್ ಹೇಳಿದ ಸಡಿಲ ಗಂಟು. ಇನ್ನೂ ಹೆಚ್ಚಾದರೆ ಪದಕ್ಕೆ ಪದ ಸೇರುವುದೇ ಇಲ್ಲ, ಬರೀ ಪದಗಳ ರಾಶಿ.

ಉನ್ಮಾದದಲ್ಲಿ ಬೇರೆ ಥರ. ನಿದ್ದೆ ಬಿಟ್ಟು ನಾಲ್ಕು ದಿನವಾಗಿರುತ್ತದೆ, ದಣಿವಿಲ್ಲ, ಮಾತು ಬಸ್ಸಿಗಿಂತ ಜೋರು. “ಮಾಗಡಿ ಬಸ್ಸು, ಗಡಿಬಿಡಿ, ಬೀಡಿ ಹಚ್ಚು, ಹಚ್ಚೆ ಹಾಕ್ಸು, ಹಾಕಿದ್ರೆ ಹಾರ ನಂಗೇ, ಮುಂದಿನ ಎಂಎಲ್‌ಎ ನಾನೇ!” ಅರ್ಥಕ್ಕಿಂತ ಸದ್ದು ಹಿಡಿದು ಮಾತು ಓಡುತ್ತದೆ. ಕೇಳುವವರಿಗೆ ನಗು ಬರುತ್ತದೆ, ಊರವರು ಸುತ್ತ ನಿಂತು ಇನ್ನಷ್ಟು ಆಡಿಸುತ್ತಾರೆ. ಆ ನಗು ನಮಗೆ ಸರಿ ಕಾಣುವುದಿಲ್ಲ. ಆ ವಾರದಲ್ಲೇ ಅವನು ಜಮೀನು ಅಡ ಇಡುವುದು, ಸಾಲ ಮಾಡುವುದು, ಗಾಡಿ ಜೋರಾಗಿ ಓಡಿಸುವುದು.

ಮಾತು ಕಡಿಮೆಯಾಗುವುದೂ ಒಂದು ಲಕ್ಷಣ, ಮನೆಯವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಇದನ್ನೇ. ಹೇಳುತ್ತಾ ಹೇಳುತ್ತಾ ನಡುವೆ ನಿಂತುಬಿಡುತ್ತದೆ, ಏನು ಹೇಳುತ್ತಿದ್ದೆ ಅನ್ನುವುದೇ ಖಾಲಿ. ಅಥವಾ ಎಲ್ಲಕ್ಕೂ ‘ಹೂಂ’, ‘ಇಲ್ಲ’, ಅಷ್ಟೇ. ಗಲಾಟೆ ಮಾಡುವವನನ್ನು ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ, ಮೂಲೆಯಲ್ಲಿ ಸುಮ್ಮನೆ ಕೂತ ಹುಡುಗಿಯನ್ನು ಸೋಮಾರಿ ಅನ್ನುತ್ತಾರೆ.

ಯೋಚನೆ ಯಾರದು ಅನ್ನುವುದೇ ಕೆಲವರಿಗೆ ಕಲಸಿಹೋಗುತ್ತದೆ. “ನನ್ ತಲೇಲಿ ಇರೋದ್ನ ಟೀವಿಲಿ ಓದ್ತಾವ್ರೆ” ಅಥವಾ “ಎದುರು ಮನೆಯೋರು ನನ್ ತಲೆಗೆ ಅವ್ರ ಯೋಚನೆ ತುಂಬ್ತಾವ್ರೆ.” ಇಂಥ ಮಾತು ಕೇಳಿದರೆ ಸಿಸ್ಟರ್ ವಾದ ಮಾಡುವುದಿಲ್ಲ, ಹೌದು ಹೌದು ಎಂದು ಕುಣಿಯುವುದೂ ಇಲ್ಲ. “ನಂಗೆ ಹಾಗೆ ಕಾಣ್ತಿಲ್ಲ, ನಿಮಗೆ ಹಾಗೆ ಅನ್ಸಿ ಭಯ ಆಗ್ತಿದೆ ಅಲ್ವಾ” ಎಂಬ ಧಾಟಿಯಲ್ಲಿ ಮಾತಾಡಲು ಅವರಿಗೆ ಕಲಿಸಿರುತ್ತಾರೆ. ಮನೆಯಲ್ಲೂ ಇದನ್ನೇ ಮಾಡಬಹುದು. ವಾದದಲ್ಲಿ ಗೆದ್ದು ಯಾರ ಭ್ರಮೆಯನ್ನೂ ಬಿಡಿಸಿದವರಿಲ್ಲ.

ಇಷ್ಟನ್ನೂ ಪಟ್ಟಿ ಮಾಡಿ ಅಳೆಯುವ ಕೆಲಸವನ್ನು 1979ರಲ್ಲಿ ಅಮೆರಿಕದ ನ್ಯಾನ್ಸಿ ಆಂಡ್ರಿಯಾಸನ್ ಮಾಡಿದರು. ಮಾತಿನ ಏರುಪೇರುಗಳನ್ನು 18 ಬಗೆಯಾಗಿ ವಿಂಗಡಿಸಿದರು. ಆಕೆ ಡಾಕ್ಟರ್ ಆಗುವ ಮುಂಚೆ ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಿದ್ದರು, ಅದು ಆಕಸ್ಮಿಕ ಅಂತ ನಮಗೆ ಅನ್ನಿಸುವುದಿಲ್ಲ. ಅವರು ತೋರಿಸಿದ ಇನ್ನೊಂದು ವಿಷಯ: ಸಡಿಲ ಮಾತು ಸ್ಕಿಜೋಫ್ರೇನಿಯಾದವರಲ್ಲಿ ಮಾತ್ರ ಅಲ್ಲ, ಉನ್ಮಾದದಲ್ಲೂ ಇರುತ್ತದೆ, ಆರೋಗ್ಯವಾಗಿರುವವರಲ್ಲೂ ಒಂದಿಷ್ಟು ಇರುತ್ತದೆ. ಹಾಗಾಗಿ ಒಂದು ವಾಕ್ಯ ಕೇಳಿ ಕಾಯಿಲೆಯ ಹೆಸರು ಹೇಳಲಾಗದು. ನಿನ್ನೆಯ ಮಾತಿಗೂ ಇವತ್ತಿನ ಮಾತಿಗೂ ಹೋಲಿಸಬೇಕು, ಮೊದಲು ಆ ಮನುಷ್ಯ ಹೇಗೆ ಮಾತಾಡುತ್ತಿದ್ದ ಎಂದು ಮನೆಯವರನ್ನು ಕೇಳಬೇಕು.

ಭಾಷೆಯ ವಿಷಯ ಮತ್ತೆ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಕೇರಳದ ಸಿಸ್ಟರ್‌ಗಳು ಬಹಳ ಜನ ದುಡಿದಿದ್ದಾರೆ, ಕನ್ನಡ ಕಲಿತು ನಮ್ಮವರೇ ಆಗಿದ್ದಾರೆ. ಉತ್ತರ ಕರ್ನಾಟಕದಿಂದ ಬಂದವರೂ ಇದ್ದಾರೆ. ಯಾರೇ ಆಗಲಿ, ಹೊಸದಾಗಿ ಬಂದವರ ಮುಂದೆ ಕನಕಪುರದ ರೇಷ್ಮೆ ರೈತನೊಬ್ಬ ಹಾಸಿಗೆಯಿಂದ ಎದ್ದು, “ನಾಲ್ಕನೇ ಜ್ವರ ಎದ್ದು ವಾರ ಆಯ್ತು, ಹುಳ ಹಣ್ಣಾಗವೆ, ಇವತ್ತು ಚಂದ್ರಿಕೆಗೆ ಬಿಡ್ಬೇಕು, ನಾನಿಲ್ಲಿ ಮಲಗಾಕಾಗಲ್ಲ” ಅಂದರೆ? ಮೂರು ಜ್ವರ ಬಂದು ಹೋಗಿ ನಾಲ್ಕನೆಯದು ಎದ್ದಿದೆ, ಹುಳ ಹಣ್ಣಾಗಿದೆ, ಚಂದ್ರಿಕೆ ಎಂಬುವಳ ಹತ್ತಿರ ಬಿಡಬೇಕು. ಪುಸ್ತಕದ ಪ್ರಕಾರ ಇದು ಪಕ್ಕಾ ಎಳೆ ತಪ್ಪಿದ ಮಾತು. ನಮ್ಮ ಜಿಲ್ಲೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ಜ್ವರ ಅಂದರೆ ಹುಳ ಪೊರೆ ಕಳಚುವ ಹೊತ್ತು, ಚಂದ್ರಿಕೆ ಅಂದರೆ ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟೆ. ಆ ರೈತ ಸ್ವಸ್ಥ, ಅವನ ಚಿಂತೆ ನ್ಯಾಯವಾದದ್ದು.

ತಿರುಗಿಸಿಯೂ ನೋಡಬೇಕು. ಚನ್ನಪಟ್ಟಣದ ಬೊಂಬೆ ಕೆಲಸದವರೋ ರೀಲರುಗಳೋ ಬಳಸುವ ಕಸುಬಿನ ಪದ ಗೊತ್ತಿಲ್ಲದಿದ್ದರೆ, ರೋಗಿ ತಾನೇ ಕಟ್ಟಿಕೊಂಡ ಹೊಸ ಪದವನ್ನೂ ಕಸುಬಿನ ಪದ ಅಂದುಕೊಂಡು ಬಿಟ್ಟುಬಿಡಬಹುದು. ಅದೂ ಕಾಯಿಲೆಯ ಒಂದು ಗುರುತು: ಯಾರಿಗೂ ಗೊತ್ತಿಲ್ಲದ ಪದ, ಹೇಳುವವನಿಗೆ ಮಾತ್ರ ಅರ್ಥ. ಹಾಗೆಯೇ ಸತ್ತ ಅಪ್ಪ ಕನಸಲ್ಲಿ ಬಂದು ಹೇಳಿದ ಅನ್ನುವುದು, ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು ಮಾತಾಡಿ ಆಮೇಲೆ ಎಂದಿನಂತೆ ಮನೆ ಕೆಲಸಕ್ಕೆ ಇಳಿಯುವುದು, ಇವು ನಮ್ಮ ಬದುಕಿನ ಭಾಗ. ಇದು ಕಾಯಿಲೆ, ಇದು ಅಲ್ಲ ಎಂದು ಗೆರೆ ಎಳೆಯಲು ಈ ನೆಲದ ಕಿವಿ ಬೇಕು. ಆಶಾ ಕಾರ್ಯಕರ್ತೆಯರಿಗೂ, ನಮ್ಮ ತಾಲ್ಲೂಕುಗಳಿಂದಲೇ ನರ್ಸಿಂಗ್ ಓದಿ ಬಂದ ಹೆಣ್ಣುಮಕ್ಕಳಿಗೂ ಆ ಕಿವಿ ಹುಟ್ಟಿನಿಂದ ಬಂದಿರುತ್ತದೆ.

ನಿಮ್ಹಾನ್ಸ್‌ನ ಕೆಲವರಿಗೆ ಇದು ಬೇಗ ಅರ್ಥವಾಗಿತ್ತು. 1976ರಲ್ಲಿ ಬನ್ನೇರುಘಟ್ಟದಾಚೆ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಡಾ. ಆರ್.ಎಲ್. ಕಪೂರ್ ಅವರ ತಂಡ ಗ್ರಾಮೀಣ ಕೇಂದ್ರ ಶುರು ಮಾಡಿತು. ಆಗ ನಮ್ಮ ನಾಲ್ಕೂ ಊರು ಅದೇ ಬೆಂಗಳೂರು ಜಿಲ್ಲೆಯವು. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬೋರ್ಡು ಬದಲಾಗಿದ್ದು ಆಮೇಲೆ. ಕಪೂರ್ ಪಂಜಾಬಿನ ಕಡೆಯವರು. ಉಡುಪಿ ಪಕ್ಕದ ಕೋಟದಲ್ಲಿ ಹಳ್ಳಿಯವರ ಮಾನಸಿಕ ಕಷ್ಟಗಳನ್ನು ಅಭ್ಯಾಸ ಮಾಡಿ ಬಂದಿದ್ದರು, ಅಲ್ಲಿನ ಪಾತ್ರಿ, ಮಂತ್ರವಾದಿ, ವೈದ್ಯರನ್ನೂ ಕಂಡಿದ್ದರು. 1978ರಲ್ಲಿ ಅವರು ಮತ್ತು ಡಾ. ಮೋಹನ್ ಐಸಾಕ್ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಸರಳ ಸಂಗತಿ ಬರೆದರು. ಮನೆಮನೆಯ ಪ್ರತಿಯೊಬ್ಬರನ್ನೂ ಡಾಕ್ಟರು ಪರೀಕ್ಷೆ ಮಾಡಬೇಕಿಲ್ಲ, ಮನೆಯವರನ್ನೇ ಕೆಲವು ಪ್ರಶ್ನೆ ಕೇಳಿದರೆ ತೀವ್ರ ಮಾನಸಿಕ ಕಾಯಿಲೆಯವರನ್ನೂ ಮೂರ್ಛೆ ರೋಗದವರನ್ನೂ ಕಡಿಮೆ ಖರ್ಚಿನಲ್ಲಿ ಪತ್ತೆ ಮಾಡಬಹುದು ಅಂತ. ನಿಮ್ಮವರಲ್ಲಿ ಯಾರಾದರೂ ಅಸಂಬದ್ಧ ಮಾತಾಡುತ್ತಾರಾ, ಯಾರಿಗೂ ಕೇಳಿಸದ ದನಿ ಕೇಳಿಸುತ್ತದೆ ಅನ್ನುತ್ತಾರಾ ಎಂಬ ಧಾಟಿಯ ಪ್ರಶ್ನೆಗಳವು. ಅಂದರೆ ಎಳೆ ತಪ್ಪಿದ್ದನ್ನು ಮೊದಲು ಕೇಳುವವರು ಮನೆಯವರೇ ಎಂದು ಡಾಕ್ಟರುಗಳೇ ಒಪ್ಪಿಕೊಂಡ ಹಾಗಾಯಿತು.

ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಈ ತಂಡದಲ್ಲಿದ್ದವರಲ್ಲಿ ಒಬ್ಬರು ನಮ್ಮ ಚನ್ನಪಟ್ಟಣದ ಮಗ, ಡಾ. ಸಿ.ಆರ್. ಚಂದ್ರಶೇಖರ್. ಹೆಸರಿನ ಮೊದಲ ‘ಸಿ’ ಚನ್ನಪಟ್ಟಣವೇ. ಮಾನಸಿಕ ಕಾಯಿಲೆಗಳ ಬಗ್ಗೆ ಅವರಷ್ಟು ಕನ್ನಡದಲ್ಲಿ ಬರೆದವರು ಕಡಿಮೆ, 2024ರಲ್ಲಿ ಪದ್ಮಶ್ರೀ ಬಂತು. ಖಿನ್ನತೆ, ಉನ್ಮಾದ, ಭ್ರಮೆ ಎಂಬ ಪದಗಳು ಇವತ್ತು ಬಸ್ಸಿನಲ್ಲಿ ಕೂತವರ ಬಾಯಲ್ಲೂ ಬರುತ್ತವೆಯಲ್ಲ, ಅದರ ಹಿಂದೆ ಅವರ ಪುಸ್ತಕಗಳ, ಪತ್ರಿಕೆ ಲೇಖನಗಳ ಪಾಲು ದೊಡ್ಡದು.

ಸಿಸ್ಟರ್‌ಗಳ ಮಟ್ಟಿಗೆ ನಮಗೆ ಬಹಳ ಇಷ್ಟವಾದ ಅಧ್ಯಯನ 1980ರ ದಶಕದ ಆರಂಭದಲ್ಲಿ ಪ್ರಕಟವಾದದ್ದು, ಪೈ ಮತ್ತು ಕಪೂರ್ ಅವರದು. ಸ್ಕಿಜೋಫ್ರೇನಿಯಾದ 54 ಜನರನ್ನು ತೆಗೆದುಕೊಂಡರು. 27 ಜನರನ್ನು ಎಂದಿನಂತೆ ಆಸ್ಪತ್ರೆಗೆ ಸೇರಿಸಿ ಚಿಕಿತ್ಸೆ. ಉಳಿದ 27 ಜನ ಮನೆಯಲ್ಲೇ ಉಳಿದರು, ತರಬೇತಿ ಪಡೆದ ನರ್ಸ್ ಅವರ ಮನೆಗೆ ಹೋಗಿ ಬರುತ್ತಿದ್ದರು. ಔಷಧಿ ನೋಡುವುದು, ರೋಗಿಯನ್ನು ಮಾತಾಡಿಸುವುದು, ಮನೆಯವರಿಗೆ ತಿಳಿ ಹೇಳುವುದು. ಆರು ತಿಂಗಳ ನಂತರ ನೋಡಿದರೆ ಮನೆಯಲ್ಲಿದ್ದವರೇ ಹೆಚ್ಚು ಸುಧಾರಿಸಿದ್ದರು. ಕೆಲಸಬೊಗಸೆಯಲ್ಲೂ ಮೇಲು, ಮನೆಯವರ ಹೊರೆಯೂ ಕಡಿಮೆ, ಖರ್ಚೂ ಕಡಿಮೆ. ನಾಲ್ಕು ದಶಕ ದಾಟಿದೆ. ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಮನೆಗೆ ಮನೋರೋಗದ ತರಬೇತಿ ಪಡೆದ ಸಿಸ್ಟರ್ ಬಂದು ಬಾಗಿಲು ತಟ್ಟುತ್ತಾರೆ ಎಂದು ನೀವೇ ಎಣಿಸಿ ನೋಡಿ.

ಕೇಳುವವರಿಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2001ರ ಆಗಸ್ಟ್ 6 ಇದೆ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಸುತ್ತಲಿನ ಖಾಸಗಿ ಶೆಡ್ಡೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ರೋಗಿಗಳಿಗೆ ಸರಪಳಿ ಹಾಕಿದ್ದರು. 28 ಜನ ಸತ್ತರು. ದೇವರ ಜಾಗವೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಮರುವರ್ಷ, 2002ರಲ್ಲಿ, ನಿಮ್ಹಾನ್ಸ್‌ನವರೇ ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದುಕೊಂಡ 31 ರೋಗಿಗಳನ್ನು ಅಭ್ಯಾಸ ಮಾಡಿದ್ದನ್ನು ಪ್ರಕಟಿಸಿದರು. ಅಲ್ಲಿ ಸರಪಳಿ ಇಲ್ಲ, ಹೊಡೆತ ಇಲ್ಲ, ಮನೆಯವರು ಜೊತೆಗಿರುತ್ತಿದ್ದರು. ಆರು ವಾರದಷ್ಟು ಉಳಿದವರ ಲಕ್ಷಣಗಳು ಸುಮಾರು ಶೇ. 20ರಷ್ಟು ಕಡಿಮೆಯಾಗಿದ್ದವು. ಪ್ರೀತಿಯ ಜಾಗ ಅಷ್ಟು ಮಾಡಬಲ್ಲದು, ಉಳಿದದ್ದಕ್ಕೆ ಔಷಧಿ ಬೇಕು. ಪೂಜೆಯೂ ಆಗಲಿ, ಆಸ್ಪತ್ರೆಯೂ ಆಗಲಿ ಎಂದರೆ ನಮ್ಮದೇನೂ ತಕರಾರಿಲ್ಲ. ಸರಪಳಿ ಮಾತ್ರ ಈಗ ಕಾನೂನಿಗೇ ವಿರುದ್ಧ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಇನ್ನು ಸನ್ನಿ. ನಮ್ಮ ಹಿರಿಯರ ಈ ಪದ ಬಹಳ ಜಾಣ ಪದ, ಯಾಕೆಂದರೆ ಅದು ದಿಢೀರನೆ ಬಂದ ಗೊಂದಲವನ್ನು ಬೇರೆ ಮಾಡಿ ಹೇಳುತ್ತದೆ. ನಿನ್ನೆ ಸರಿಯಿದ್ದ ಅಜ್ಜ ಇವತ್ತು ಇದು ಯಾವ ಊರು, ಹಗಲೋ ರಾತ್ರಿಯೋ ಗೊತ್ತಿಲ್ಲದೆ ಬಡಬಡಿಸಿದರೆ, ಬೆಳಿಗ್ಗೆ ಸ್ವಲ್ಪ ವಾಸಿ, ಸಂಜೆ ಜಾಸ್ತಿ ಆದರೆ, ಅದು ಮನಸ್ಸಿನ ಕಾಯಿಲೆಗಿಂತ ಮೈಯ ಕಾಯಿಲೆ ಆಗಿರುವುದೇ ಹೆಚ್ಚು. ಸೋಂಕು, ಸಕ್ಕರೆ ಏರುಪೇರು, ಔಷಧಿಯ ಅಡ್ಡ ಪರಿಣಾಮ ಏನಾದರೂ ಇರಬಹುದು. ವರ್ಷಗಟ್ಟಲೆ ಕುಡಿಯುತ್ತಿದ್ದವನು ಕುಡಿತ ನಿಲ್ಲಿಸಿದ ಎರಡು ಮೂರು ದಿನಕ್ಕೆ ನಡುಗುತ್ತಾ ಇಲ್ಲದ್ದನ್ನು ಕಂಡು ಮಾತಾಡಿದರೆ ಅದೂ ಇದೇ, ಜೀವಕ್ಕೆ ಅಪಾಯ. ಪದಗಳು ದಿಢೀರನೆ ಕಲಸಿಹೋಗಿ, ಬಾಯಿ ಒಂದು ಕಡೆ ಸೊಟ್ಟಗಾದರೆ ಲಕ್ವ, ಅಲ್ಲಿ ಗಂಟೆಗಳ ಲೆಕ್ಕ. ಇವು ಯಾವುದಕ್ಕೂ ಮಂಗಳವಾರದ ತನಕ ಕಾಯಬಾರದು, ಅಮಾವಾಸ್ಯೆ ತನಕವಂತೂ ಖಂಡಿತ ಬೇಡ. 108ಕ್ಕೆ ಫೋನ್ ಮಾಡಿ.

ಬಾಣಂತಿ ಸನ್ನಿ ಇನ್ನೂ ಸೂಕ್ಷ್ಮ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಹೆಚ್ಚಾಗಿ ಶುರುವಾಗುತ್ತದೆ, ಸಾವಿರ ಹೆರಿಗೆಗೆ ಒಂದೋ ಎರಡೋ. ನಿದ್ದೆ ಹೋಗುತ್ತದೆ, ಮಾತಿನ ಎಳೆ ತಪ್ಪುತ್ತದೆ, ಮಗು ನನ್ನದಲ್ಲ ಅನ್ನಬಹುದು, ಮಗುವಿನ ಬಗ್ಗೆ ವಿಚಿತ್ರ ಮಾತಾಡಬಹುದು. ತಾಯಿಗೂ ಮಗುವಿಗೂ ಪ್ರಾಣಾಪಾಯ ಇರುವುದರಿಂದ ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಹಿಂದೆಲ್ಲ ತಾಯಿಯನ್ನು ಸೇರಿಸಿಕೊಂಡರೆ ಮಗುವನ್ನು ಬೇರೆ ಮಾಡಬೇಕಿತ್ತು. 2009ರಲ್ಲಿ ನಿಮ್ಹಾನ್ಸ್ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡ್ ತೆರೆಯಿತು, ದೇಶದಲ್ಲೇ ಮೊದಲು. ಚಿಕಿತ್ಸೆ ಸಿಕ್ಕರೆ ಇದು ವಾಸಿಯಾಗುವ ಕಾಯಿಲೆ. ಸಿಗದೆ ಹೋದಾಗ ನಾವು ‘ಬಾಣಂತಿ ಮಗುವಿನೊಂದಿಗೆ ಬಾವಿಗೆ’ ಎಂದು ಎರಡು ಸಾಲಿನ ಸುದ್ದಿ ಬರೆಯುತ್ತೇವೆ, ಕೌಟುಂಬಿಕ ಕಲಹ ಎಂದು ಕಾರಣ ಹಾಕುತ್ತಾರೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಶೇ. 0.4ರಷ್ಟು ಜನರಲ್ಲಿ. ಸಾವಿರ ಜನರ ಹಳ್ಳಿಯಲ್ಲಿ ಹತ್ತಿರ ಹತ್ತಿರ ಮೂರು ನಾಲ್ಕು ಮಂದಿ. ನಿಮ್ಮ ಊರಿನ ಲೆಕ್ಕ ನಿಮಗೆ ಈಗಾಗಲೇ ಕಣ್ಣ ಮುಂದೆ ಬಂದಿರಬೇಕು.

ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ಶುರುವಾಗಿ ಹತ್ತು ವರ್ಷ ದಾಟಿದೆ. ಯಾವ ವಾರ ಡಾಕ್ಟರ್ ಬರುತ್ತಾರೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ಬಸ್ ಚಾರ್ಜ್ ಉಳಿಯುತ್ತದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ, ನಂಬರ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ‘ಹುಚ್ಚುಚ್ಚಾಗಿ ಮಾತಾಡ್ತಾನೆ’ ಎಂದು ಬರೆದರೆ ಒಳಗಿರುವ ಸಿಸ್ಟರ್‌ಗೆ ಏನೂ ತಿಳಿಯುವುದಿಲ್ಲ. ನೀವು ಏನು ಕೇಳಿದಿರಿ, ಅವನು ಏನಂದ, ಅವನ ಪದದಲ್ಲೇ, ನಮ್ಮ ಹಳ್ಳಿಗನ್ನಡದಲ್ಲೇ ಬರೆಯಿರಿ, ತಿದ್ದಬೇಡಿ. ಉರ್ದುವಿನಲ್ಲಿ ಅಂದಿದ್ದರೆ ಉರ್ದುವಿನಲ್ಲೇ. ಪಕ್ಕದಲ್ಲಿ ತಾರೀಖು, ಹೊತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದ, ಏನು ಔಷಧಿ ತೆಗೆದುಕೊಂಡಿದ್ದ. ಬರೆಯಲು ಬಾರದಿದ್ದರೆ ಕೇಳಿದ್ದನ್ನು ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಹೇಳಿ ಬರೆಸಿ. ಮೊಬೈಲಿನಲ್ಲಿ ವಿಡಿಯೋ ಮಾಡಿ ಊರ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಹಾಳೆಯನ್ನು ಹಳೆಯ ಔಷಧಿ ಚೀಟಿಗಳ ಜೊತೆ ಒಂದೇ ಕವರಿನಲ್ಲಿಟ್ಟು, ಕೌಂಟರಿನಲ್ಲಿ ಚೀಟಿ ಮಾಡಿಸಿದ ಮೇಲೆ ಮೊದಲು ಸಿಸ್ಟರ್ ಕೈಗೆ ಕೊಡಿ.